ಸದ್ದಿಲ್ಲದ ಗಾಡಿ

ಹೊಳೆಯಪ್ಪನ ಬಾಯಿಯೊಂದು ಸುಮ್ಮನಿದ್ದರೆ ಮನುಷ್ಯ ಬಂಗಾರದಂಥವನು ಎಂದು ಹುಬ್ಬಳ್ಳಿಯ ದುರ್ಗದಬೈಲಿನ ಅರ್ಧ ಮಂದಿ ಹೇಳುತ್ತಿದ್ದರು. ಉಳಿದರ್ಧ ಮಂದಿ ಒಮ್ಮೆಯಾದರೂ ಅವನ ಹತ್ತಿರ ಗಾಡಿ ರಿಪೇರಿಗೆ ಬಿಟ್ಟವರು; ಅವರು ಬಂಗಾರದ ಮಾತನ್ನೂ ಒಪ್ಪುತ್ತಿರಲಿಲ್ಲ. ಕೆಲಸವೇನೋ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ಟ ಗಾಡಿ ತಂದವನಿಗೆ ಮೊದಲು ಹೊಟ್ಟೆ ತುಂಬ ಬೈಗುಳ, ಆಮೇಲೆ ರಿಪೇರಿ. "ಗಾಡಿ ತಾನಾಗೇ ಕೆಡೂದಿಲ್ಲಲೇ, ನೀವ ಕೆಡಸ್ತೀರಿ" ಎಂದು ಶುರುವಾದರೆ ಗಿರಾಕಿಯ ಅಪ್ಪ ಅಜ್ಜ ಎಲ್ಲರೂ ಸಾಲಾಗಿ ಬಂದು ಹೋಗಬೇಕು. ಯುದ್ಧದ ಕಾಲ ಬೇರೆ. ಪೆಟ್ರೋಲಿಗೆ ಚೀಟಿ, ಹೊಸ ಸಾಮಾನು ಕಣ್ಣಿಗೆ ಬೀಳುವುದಿಲ್ಲ, ಹಳೆಯದನ್ನೇ ತಿಕ್ಕಿ ತೀಡಿ ಓಡಿಸಬೇಕು. ಹೀಗಾಗಿ ಬೈಸಿಕೊಂಡವರೂ ಮತ್ತೆ ಅವನ ಅಂಗಳಕ್ಕೇ ಬರುತ್ತಿದ್ದರು. ಬರದೆ ಎಲ್ಲಿಗೆ ಹೋಗುತ್ತಾರೆ!

ಆ ಗುರುವಾರ ಬೆಳಿಗ್ಗೆ ಮಾತ್ರ ಹೊಳೆಯಪ್ಪ ಬಾಯಿಗೆ ಬೀಗ ಹಾಕಿಕೊಂಡಿದ್ದ. ಹಾಕಿಸಿದವಳು ಹೆಂಡತಿ ಸಂಗವ್ವ. ಚೊಚ್ಚಲ ಬಾಣಂತನ ಮುಗಿಸಿದ ಮಗಳು ರತ್ನವ್ವ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಡುವ ದಿನ ಅದು. ಅಳಿಯ ಕುಬೇರಪ್ಪ ತನ್ನ ಸ್ವಂತ ಪಿಕಪ್ ಗಾಡಿಯಲ್ಲೇ ಕರೆದುಕೊಂಡು ಹೋಗಲು ಯಲ್ಲಾಪುರದಿಂದ ಹಿಂದಿನ ದಿನ ಸಂಜೆ ಬಂದಿಳಿದಿದ್ದ. ಮಧ್ಯಾಹ್ನದ ರಾಹುಕಾಲ ಹತ್ತುವುದರೊಳಗೆ ಗಾಡಿ ಊರು ದಾಟಬೇಕು.

"ಇವತ್ತೊಂದಿನಾ ಬಾಯಿ ಮುಚ್ಚಿಕೊಂಡಿರ್ರಿ. ನಿಮಗ ಕೈ ಮುಗೀತೇನಿ" ಎಂದು ಸಂಗವ್ವ ಒಲೆಯ ಮುಂದಿನಿಂದಲೇ ಹೇಳಿದ್ದಳು. "ತೊಟ್ಟಿಲ ಕಾರ್ಯದಾಗ ಮಾಡಿದ್ದು ಸಾಕು."

ತೊಟ್ಟಿಲ ಕಾರ್ಯದಲ್ಲಿ ಆದದ್ದು ಇಷ್ಟು. ಕೂಸಿಗೆ ಹೆಸರಿಡುವ ದಿನ ಬೀಗರೆಲ್ಲ ಅಂಗಳದಲ್ಲಿ ಕೂತಿದ್ದಾಗ ಕುಬೇರಪ್ಪನ ಗಾಡಿ ಕಿರ್ರೋ ಎಂದು ಒದರುತ್ತ ಬಂತು. ಕುಬೇರಪ್ಪನದು ತಲೆತಲಾಂತರದಿಂದ ಅರಳೆಯ ಮೂಟೆ ಹೇರುವ ಚಕ್ಕಡಿಯ ಮನೆತನ. ಹಳೆಯ ಕಾರೊಂದರ ಹಿಂಭಾಗ ಕೊಯ್ದು, ಹಲಗೆ ಹೊಡೆಸಿ, ಮನೆತನಕ್ಕೆ ಮೊದಲ ಮೋಟಾರು ತಂದವನು ಅವನೇ. ಆ ಹೆಮ್ಮೆಯಲ್ಲಿ ಇಳಿಯುತ್ತಿದ್ದವನಿಗೆ ಹೊಳೆಯಪ್ಪ ನಾಲ್ಕು ಮಂದಿಯ ಎದುರು, "ಚಕ್ಕಡಿ ಹೊಡ್ಯಾವನ ಕೈಯಾಗ ಮೋಟಾರ ಕೊಟ್ರ ಹಿಂಗ ಆಗೂದು. ಲೇ, ಮುಂದ ಎರಡು ಎತ್ತ ಕಟ್ಟಲೇ, ಸಪ್ಪಳರ ನಿಲ್ಲತೈತಿ" ಎಂದುಬಿಟ್ಟ. ಬೀಗರೇ ನಕ್ಕರು. ಅಳಿಯನೆಂದರೆ ಬಹುವಚನದಲ್ಲಿ ಮಾತಾಡಿಸಿ, ಕಾಲಿಗೆ ನೀರು ಕೊಟ್ಟು, ಮಣೆ ಹಾಕುವ ಸೀಮೆ ಇದು. ಇಲ್ಲಿ ಅಳಿಯನಿಗೆ 'ಲೇ' ಅನ್ನುವುದೆಂದರೇನು! ಕುಬೇರಪ್ಪ ಹೋಳಿಗೆ ಮುಟ್ಟದೆ ಎದ್ದು ಹೋಗಿದ್ದ. ರತ್ನವ್ವ ಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತ ಅತ್ತಿದ್ದಳು. ಹೊಳೆಯಪ್ಪನಿಗೆ ಮರುದಿನ ಕೆಟ್ಟೆನಿಸಿತು. ಆದರೆ ಕೆಟ್ಟೆನಿಸಿತು ಅಂತ ಬಾಯಿಬಿಟ್ಟು ಹೇಳುವ ಜಾತಿಯವನೇ ಅವನು?

ಈಗ ಆ ಕುಬೇರಪ್ಪ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದ. ತೊಟ್ಟಿಲು, ಹಾಸಿಗೆ, ಹಿಟ್ಟಿನ ಡಬ್ಬಿ, ಎಲ್ಲ ಗಾಡಿಗೆ ಏರಿ ಹಗ್ಗ ಬಿಗಿದಾಗಿತ್ತು. ಗಾಡಿಯ ಮೂತಿ ಒಳಮುಖವಾಗಿತ್ತು. ಹೊರಡುವಾಗ ತಿರುಗಿಸಲು ಒದ್ದಾಟ ಬೇಡವೆಂದು ಹೊಳೆಯಪ್ಪ ತಾನೇ ಹತ್ತಿ ಕೂತು ಸ್ಟೇರಿಂಗ್ ಹಿಡಿದ.

ಎಡಕ್ಕೆ ತಿರುಗಿಸಿದ. ಚಕ್ರ ಅವನ ಕೈಯಲ್ಲಿ ಒಂದು ಗೇಣು ಸುಮ್ಮನೆ ತಿರುಗಿತು. ಕೆಳಗೆ ಗಾಲಿ ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಹೊರಳಿತು. ಬಲಕ್ಕೆ ತಿರುಗಿಸಿದ. ಮತ್ತೆ ಅದೇ ಗೇಣು. ಇಷ್ಟು ಸಡಿಲಾದ ಸ್ಟೇರಿಂಗು ಗಡಗಡ ಅನ್ನಬೇಕು, ಅರ್ಧ ಹುಬ್ಬಳ್ಳಿಗೆ ಕೇಳುವಂತೆ ಒದರಬೇಕು. ಇದು ಚಕಾರ ಎತ್ತಲಿಲ್ಲ. ಕಣ್ಣು ಕಟ್ಟಿದರೂ ಬರೀ ಸಪ್ಪಳದ ಮೇಲೆ ಗಾಡಿಯ ರೋಗ ಹೇಳುತ್ತೇನೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು ಅವನು. ಆ ಕಿವಿಗೆ ಏನೂ ಕೇಳಿಸಲಿಲ್ಲ.

ಕುಬೇರಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಅಳ್ಯಾರ," ಹೊಳೆಯಪ್ಪ ಗಂಟಲಿಗೆ ಬೆಣ್ಣೆ ಹಚ್ಚಿದವನಂತೆ ಮೆತ್ತಗೆ ಕೇಳಿದ, "ಸ್ಟೇರಿಂಗ ಭಾಳ ಆಡತೈತಲ್ರಿ?"

"ಗಾಲಿ ಅಂದ ಮ್ಯಾಲ ಸ್ವಲ್ಪ ಆಡಬೇಕ್ರಿ ಮಾವಾರ. ಬಿಗದ್ರ ಅಚ್ಚು ಸುಡತೈತಿ" ಎಂದ ಕುಬೇರಪ್ಪ, ನೆಲ ನೋಡುತ್ತ.

ಚಕ್ಕಡಿಯ ಮಾತು ಅದು. ಚಕ್ಕಡಿಯ ಗಾಲಿ ಅಚ್ಚಿನ ಮೇಲೆ ಅತ್ತಿತ್ತ ಆಡಿದರೇನೇ ಚೆಂದ, ಆಗಲೇ ಎತ್ತಿಗೆ ಎಳೆಯಲು ಹಗುರ. ಆ ಬುದ್ಧಿಯನ್ನು ಮೋಟಾರಿಗೆ ತಂದು ಹಚ್ಚಿದ್ದಾನೆ, ಮಹಾರಾಯ! ಹೊಳೆಯಪ್ಪನ ನಾಲಿಗೆಯ ತುದಿಗೆ ಬಂದ ಮಾತು ಒಂದೆರಡಲ್ಲ. ಎಲ್ಲ ನುಂಗಿದ. ಯಲ್ಲಾಪುರದ ದಾರಿಯಲ್ಲಿ ಕಲಘಟಗಿ ದಾಟಿದ ಮೇಲೆ ಬರೀ ಕಾಡು, ಬರೀ ತಿರುವು. ಆ ತಿರುವುಗಳಲ್ಲಿ ಇದೇ ಚಕ್ರದ ಪಕ್ಕದಲ್ಲಿ ಮಗಳು ಕೂರುತ್ತಾಳೆ, ಮಗಳ ತೊಡೆಯ ಮೇಲೆ ಕೂಸು.

"ಜ್ಯಾಕ ಹಚ್ಚಿ ಒಮ್ಮಿ ನೋಡೂಣು. ಹೊತ್ತೈತಿ ಇನ್ನ."

ಮುಂದಿನ ಎಡಗಾಲಿಯನ್ನು ನೆಲದಿಂದ ಎತ್ತಿ, ಕೆಳಗೆ ದಿಮ್ಮಿ ಕೊಟ್ಟ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದ. ತುಸು ಆಡಿತು, ಹೆದರುವಷ್ಟಲ್ಲ. ಗಾಲಿ ಹೊರಳುವ ನಿಲುಗೂಟ ಇನ್ನೂ ಗಟ್ಟಿಯಿತ್ತು. ಎಡಬಲ ಹಿಡಿದು ಅಲುಗಿಸಿದ. ಆಗ ಗೊತ್ತಾಯಿತು. ಈ ಗಾಲಿ ಹೊರಳಿದರೂ ಆಚೆಯ ಗಾಲಿ ತನಗೇನೂ ಸಂಬಂಧವಿಲ್ಲವೆಂಬಂತೆ ನಿಂತಿತ್ತು. ಎರಡೂ ಮುಂಗಾಲಿಗಳನ್ನು ಜೋಡಿಸುವುದು ಅಡ್ಡಕ್ಕೆ ಹಾಯ್ದ ಒಂದು ಉದ್ದ ಸರಳು. ಸರಳಿನ ಒಂದೊಂದು ತುದಿಗೂ ಒಂದೊಂದು ಉಕ್ಕಿನ ಗುಂಡು, ಗುಂಡನ್ನು ಹಿಡಿದಿಡಲು ಒಂದು ಬಟ್ಟಲು. ಗುಂಡು ಬಟ್ಟಲಲ್ಲಿ ಬಿಗಿಯಾಗಿ ತಿರುಗಬೇಕು. ಸವೆದರೆ ಒಳಗೇ ಕುಣಿಯುತ್ತದೆ. ಇನ್ನೂ ಸವೆದರೆ ಯಾವುದೋ ಒಂದು ತಗ್ಗಿನಲ್ಲಿ ಗಾಡಿ ಜಿಗಿದಾಗ ಗುಂಡು ಹೊರಗೆ, ಬಟ್ಟಲು ಹೊರಗೆ, ಒಂದು ಗಾಲಿ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಆಮೇಲೆ ಸ್ಟೇರಿಂಗ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ.

ಹೊಸ ಧೋತರದಲ್ಲೇ ಹೊಳೆಯಪ್ಪ ಗಾಡಿಯ ಕೆಳಗೆ ಮಲಗಿದ. "ಮ್ಯಾಲ ಕೂಡ್ರಿ ಅಳ್ಯಾರ. ಸಾವಕಾಶ ಎಡಕ್ಕ ತಿರುವ್ರಿ. ಈಗ ಬಲಕ್ಕ. ಹಾಂ, ಹಂಗ ಮಾಡಕೋತ ಇರ್ರಿ." ಕಣ್ಣು ಮುಚ್ಚಿ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟ. ಮೇಲಿನಿಂದ ಬಂದ ಅಲುಗಾಟ ಈ ಕೀಲು ದಾಟಿತು. ಮುಂದಿನದನ್ನೂ ದಾಟಿತು. ಎಡಗಾಲಿಯ ಗುಂಡಿಗೆ ಬಂದಾಗ ಅಲ್ಲೇ ಸತ್ತುಹೋಯಿತು. ಬೆರಳಿಗೆ ಕಬ್ಬಿಣ ಹತ್ತಲಿಲ್ಲ, ಮೆತ್ತಗೆ ಏನೋ ಹತ್ತಿತು. ಕಿತ್ತ. ಔಡಲೆಣ್ಣೆಯಲ್ಲಿ ತೊಯ್ದ ಅರಿವೆ. ಎಳೆದಷ್ಟೂ ಬಂತು. ಬಟ್ಟಲಿನ ಸುತ್ತ ಸುತ್ತಿ, ಸಂದಿಗೆಲ್ಲ ತುರುಕಿ, ದಾರದಿಂದ ಕಟ್ಟಿದ್ದರು. ಅರಿವೆ ಪೂರ್ತಿ ಹೊರಬಂದದ್ದೇ ತಡ, ಗುಂಡು ಬಟ್ಟಲಲ್ಲಿ ಟಕಟಕ ಅಂದಿತು. ಕಿರುಬೆರಳು ತೂರುವಷ್ಟು ಸಂದಿ. ಹೊರಗೆ ಬೀಳಲು ಒಂದು ಒಳ್ಳೆಯ ತಗ್ಗು ಸಾಕಿತ್ತು.

ಹೊಳೆಯಪ್ಪ ಹೊರಗೆ ಬಂದು ಎದ್ದು ನಿಂತ. ಬಾಯಿಯ ಬೀಗ ಗೀಗ ಎಲ್ಲ ಕಿತ್ತುಹೋಯಿತು.

"ಲೇ ಕುಬೇರಾ! ರೋಗ ಮುಚ್ಚಾಕ ಅರಿವಿ ತುರುಕಿ ತರ್ತಿಯೇನಲೇ? ನನ್ನ ಮಗಳನ್ನ, ಹಸಗೂಸನ್ನ, ಇದರಾಗ ಹಾಕ್ಕೊಂಡು ಹೊಂಟಿಯೇನು? ಕೊಲ್ಲಾಕ ಒಯ್ಯಾವ ಉಡಿ ತುಂಬಿಸಿಕೊಂಡ ಯಾಕ ಒಯ್ತಿ?"

ಓಣಿಯವರು ಬಾಗಿಲಿಗೆ ಬಂದರು. ಕುಬೇರಪ್ಪನ ಮುಖ ಸುಣ್ಣವಾಯಿತು. ಅವನು ಗಾಡಿಯಿಂದ ಇಳಿದು ಓಣಿಯ ಬಾಯಿಯ ಕಡೆಗೆ ನಡೆಯತೊಡಗಿದ. ಸಂಗವ್ವ ಹಣೆ ಹಣೆ ಬಡಿದುಕೊಂಡಳು. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಅಳಿಯ ಮತ್ತೆ ಈ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲವೇನೋ.

"ಅವರಲ್ಲ ಅಪ್ಪಾ." ರತ್ನವ್ವ ಹೊಸ್ತಿಲಲ್ಲಿ ನಿಂತಿದ್ದಳು, ಹೆಗಲ ಮೇಲೆ ಕೂಸು. "ಅದನ್ನ ತುರುಕಿದಾಕಿ ನಾನು."

ಹೊಳೆಯಪ್ಪ ಕೈಯಲ್ಲಿದ್ದ ಅರಿವೆಯನ್ನು ಆಗ ನೋಡಿದ. ಎಣ್ಣೆಯ ಕಪ್ಪಿನ ನಡುವೆ ಕೆಂಪು ದಡಿ ಇಣುಕುತ್ತಿತ್ತು. ಕೂಸಿನ ಹಾಸಿಗೆಂದು ಸಂಗವ್ವ ತನ್ನ ಹಳೆಯ ಇಳಕಲ್ ಸೀರೆ ಹರಿದಿದ್ದಳು. ಅದೇ ಸೀರೆಯ ತುಂಡು.

"ನಿನ್ನೆ ಅವರು ಬಂದಾಗ ನೀ ಪ್ಯಾಟ್ಯಾಗ ಇದ್ದಿ. ಗಾಡಿ ಗಡಗಡ ಅನ್ನಾಕತ್ತಿತ್ತು. ಸಣ್ಣಾಕಿದ್ದಾಗ ನಿನ್ನ ಮಗ್ಗಲದಾಗ ಕುಂತು ನೋಡೇನಲ್ಲ, ಸಪ್ಪಳ ಎಲ್ಲಿಂದ ಬರತೈತಿ ಅಂತ ಗೊತ್ತಿತ್ತು. ನೀ ಕೇಳಿದ್ರ ಮತ್ತ ಮಂದ್ಯಾಗ ಅವರ ಮಾನಾ ಕಳೀತಿ. ಊರು ಮುಟ್ಟಿದ ಮ್ಯಾಲ ಅಲ್ಲೇ ಯಾರಿಗರ ತೋರಸ್ರಿ ಅಂತ ಇವರಿಗೆ ಅಂದಿದ್ದೆ." ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಈಗ ಕಳದಿಯಲ್ಲ, ಸಮಾಧಾನ ಆತೇನು?"

ಹೊಳೆಯಪ್ಪನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ ಎತ್ತಿಕೊಂಡು ಕೆಲಸಕ್ಕೆ ಬಿದ್ದ. ಸಂಗವ್ವ ಓಡಿಹೋಗಿ ಅಳಿಯನ ಎದುರು ನಿಂತು, ಅತ್ತೆಯಾದವಳು ಹಾಗೆ ಎದುರಿಗೆ ನಿಲ್ಲಬಾರದೆಂಬುದನ್ನೂ ಮರೆತು, "ನನ್ನ ಮಾರಿ ನೋಡಿ ತಿರುಗ್ರಿ" ಎಂದು ಕರೆತಂದಳು. ಕುಬೇರಪ್ಪ ಬಂದು ಕಟ್ಟೆಯ ಮೇಲೆ ಕೂತ.

ಅಂಗಳದ ಮೂಲೆಯಲ್ಲಿ ಅದೇ ಕಂಪನಿಯ ಸತ್ತ ಕಾರೊಂದು ಯುದ್ಧ ಶುರುವಾದಂದಿನಿಂದ ಬಿದ್ದಿತ್ತು. ಎಂಜಿನ್ನು ಸುಟ್ಟುಹೋದರೂ ಅದರ ಕೀಲುಗಳು ಗಟ್ಟಿ. ಹೊಳೆಯಪ್ಪ ಅದರ ಸರಳಿನ ಎಡತುದಿಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗುಂಡನ್ನು ಬೆರಳಲ್ಲಿ ತಿರುವಿ ನೋಡಿದ. ಬೆಣ್ಣೆಯಂತೆ ಹೊರಳಿತು. ಆಮೇಲೆ ಅಳಿಯನ ಗಾಡಿಯ ಕೆಳಗೆ ಸರಿದ. ಗಾಲಿಯ ಬುಡದಿಂದ ಗಿಡ್ಡ ಕಬ್ಬಿಣದ ತೋಳೊಂದು ಹೊರಟಿರುತ್ತದೆ; ಗುಂಡಿನ ಬಾಲ ಆ ತೋಳಿನ ತುದಿಯ ಕಣ್ಣಿನಲ್ಲಿ ಬೆಣೆಯಂತೆ ಕಚ್ಚಿ ಕೂತಿತ್ತು. ನಟ್ಟು ಬಿಚ್ಚಿದರೂ ಬಿಡಲಿಲ್ಲ. ತೋಳಿನ ಕಣ್ಣಿಗೆ ಒಂದು ಕಡೆ ದಪ್ಪ ಸುತ್ತಿಗೆ ಆನಿಸಿ ಹಿಡಿದು, ಇನ್ನೊಂದು ಕಡೆಯಿಂದ ಹಲ್ಲು ಕಚ್ಚಿ ಬಡಿದ. ಯಾರನ್ನೋ ಬಡಿದಂತೆಯೇ ಬಡಿದ. ಕೊನೆಗೆ ಟಪ್ಪೆಂದು ಕಳಚಿತು. ಹೊಸದನ್ನು ಕೂರಿಸಿದ, ಹಳೆಯದರಷ್ಟೇ ಸುತ್ತು ಎಣಿಸಿ ಸರಳಿಗೆ ಏರಿಸಿದ, ನಟ್ಟು ಬಿಗಿದು, ಅದು ಸಡಿಲಾಗದಂತೆ ತಂತಿಯ ಕೀಲು ತೂರಿಸಿ ಮಡಚಿದ, ಗ್ರೀಸ್ ತುಂಬಿದ.

ಗಾಡಿ ಇಳಿಸಿ ಸ್ಟೇರಿಂಗ್ ತಿರುಗಿಸಿದಾಗ ಕೈ ಅಲುಗಿದ ಕೂಡಲೇ ಗಾಲಿಯೂ ಅಲುಗಿತು. ಕುಬೇರಪ್ಪನನ್ನು ಕೂರಿಸಿ ಅವನಿಂದಲೂ ತಿರುಗಿಸಿದ. ಅವನ ಮುಖದಲ್ಲಿ ಅವನಿಗೇ ಗೊತ್ತಿಲ್ಲದಂತೆ ಒಂದು ಬೆರಗು ಸುಳಿಯಿತು. ಗಾಡಿ ಹಿಂಗೂ ಇರತೈತಾ ಅನ್ನುವಂತೆ.

"ಹೊತ್ತಾತು, ಹೊತ್ತಾತು" ಎಂದು ಸಂಗವ್ವ ಒಂದೇ ಸಮನೆ ಒದರುತ್ತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ, ಎಲೆ ಅಡಿಕೆ ಹಾಕಿ ಮಗಳ ಉಡಿ ತುಂಬಿದಳು. ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಳು. ರತ್ನವ್ವ ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಗಾಡಿ ಹತ್ತಿದಳು. ಕುಬೇರಪ್ಪ ಹತ್ತಿ ಎದುರಿನ ಗೋಡೆಯನ್ನೇ ನೋಡುತ್ತ ಕೂತ. ಎಲ್ಲ ಆಯಿತು. ಎಂಜಿನ್ನಿಗೆ ಹ್ಯಾಂಡಲ್ ಹೊಡೆಯುವುದೊಂದೇ ಬಾಕಿ.

ಹೊಳೆಯಪ್ಪ ಹ್ಯಾಂಡಲ್ ಹಿಡಿದು ಮುಂದೆ ಬಾಗಿದವನು ತಲೆ ಎತ್ತಿ ಮಗಳನ್ನು ನೋಡಿದ. ಅವಳು ಒಂದು ಕೈಯಲ್ಲಿ ಕೂಸನ್ನು ಎದೆಗೆ ಅವಚಿಕೊಂಡು ಇನ್ನೊಂದು ಕೈಯಲ್ಲಿ ಬಾಗಿಲಿನ ಸರಳನ್ನು ಬಿಗಿಯಾಗಿ ಹಿಡಿದಿದ್ದಳು. ಗಾಡಿ ಇನ್ನೂ ಶುರುವೇ ಆಗಿರಲಿಲ್ಲ. ಬೆರಳ ಗೆಣ್ಣು ಬೆಳ್ಳಗಾಗಿದ್ದವು. ಮೋಟಾರಿನ ನಡುವೆಯೇ ಹುಟ್ಟಿ ಬೆಳೆದ ಹುಡುಗಿ, ಲಂಗ ಉಡುವಾಗಲೇ ಲಾರಿಯ ಮೇಲೆ ಹತ್ತಿ ಕುಣಿಯುತ್ತಿದ್ದವಳು, ಹೀಗೆ ಹಿಡಿದು ಕೂರುವವಳಲ್ಲ.

ಅವನು ಹ್ಯಾಂಡಲ್ ಬಿಟ್ಟು ಅವಳ ಬಾಗಿಲಿಗೆ ಬಂದ. ಏನು ಕೇಳಬೇಕೆಂದು ಅವನಿಗೇ ಗೊತ್ತಿರಲಿಲ್ಲ. ಇಂಥ ಮಾತು ಆಡಿ ರೂಢಿಯೂ ಇರಲಿಲ್ಲ.

"ನನಗ ಹೇಳದ ಬಿಟ್ಟದ್ದು ಮತ್ತೇನರ ಐತೇನವ್ವಾ?"

ರತ್ನವ್ವ ಗಂಡನ ಕಡೆ ನೋಡಿದಳು. ಗಂಡ ಗೋಡೆ ನೋಡುತ್ತಲೇ ಇದ್ದ.

"ನೀ ಸಿಟ್ಟಿಗೇಳೂದಿಲ್ಲಂದ್ರ ಹೇಳತೇನಿ."

ಓಣಿಯ ಮಂದಿ ಇನ್ನೂ ಬಾಗಿಲಲ್ಲೇ ಇದ್ದರು. "ಏಳೂದಿಲ್ಲ," ಎಂದ ಹೊಳೆಯಪ್ಪ. ಅವಳು ನಂಬಲಿಲ್ಲವೆಂಬುದು ಅವಳ ಕಣ್ಣಲ್ಲೇ ಕಂಡಿತು. "ಕೂಸಿನ ಆಣಿ. ಏಳೂದಿಲ್ಲ, ಹೇಳು."

"ನಾ ಬಾಣಂತನಕ್ಕ ಇಲ್ಲಿಗೆ ಬರೂವಾಗ, ಕಲಘಟಗಿ ಆಚಿಗೆ ಕಾಡಿನಾಗ ಎಮ್ಮಿ ಅಡ್ಡ ಬಂತು. ಗಾಡಿ ರಸ್ತೆ ಇಳದು ಸಾಗವಾನಿ ಬೊಡ್ಡಿಗೆ ಬಡೀತು. ನಮಗೇನೂ ಆಗಲಿಲ್ಲ. ಟೈರ್ ಪಂಕ್ಚರ್ ಆಗಿ ತಡಾ ಆತು ಅಂತ ನಿನಗ ಹೇಳಿದ್ವಿ. ಗಾಲೀ ಬುಡದಾಗಿನ ಆ ತೋಳು ಮಣದಿತ್ತು."

"ಅದನ್ನ..." ಹೊಳೆಯಪ್ಪ ದನಿ ಹಿಡಿದುಕೊಂಡ. "ಅದನ್ನ ಏನ ಮಾಡಿದ್ರಿ?"

ಉತ್ತರ ಕೊಟ್ಟವನು ಕುಬೇರಪ್ಪ, ತಲೆ ತಿರುಗಿಸದೆ. "ಅಲ್ಲೇ ದಾರ್ಯಾಗಿನ ಹಳ್ಯಾಗ ನಮ್ಮ ಚಕ್ಕಡಿ ಕಮ್ಮಾರ ಅದಾನ್ರಿ. ಕುಲುಮ್ಯಾಗ ಕೆಂಪಗ ಕಾಸಿ ಬಡದು ನೆಟ್ಟಗ ಮಾಡಿಕೊಟ್ಟ. ಅವತ್ತಿಂದ ಛಲೋ ನಡದೈತ್ರಿ."

ಚಕ್ಕಡಿ ಗಾಲಿಯ ಹಳಿ ಕಾಸುತ್ತಾರೆ, ಬಡಿಯುತ್ತಾರೆ, ಮತ್ತೆ ಕಾಸುತ್ತಾರೆ. ಅದು ಮೆದು ಕಬ್ಬಿಣ, ನೂರು ಸಲ ಕಾಸಿದರೂ ಮುನಿಯುವುದಿಲ್ಲ. ಸ್ಟೇರಿಂಗಿನ ತೋಳು ಹದ ಕೊಟ್ಟ ಉಕ್ಕು. ಮಣಿದರೆ ಎಸೆಯಬೇಕು. ಕೆಂಪಗೆ ಕಾಸಿದರೆ ಹದ ಹೋಗುತ್ತದೆ, ಹದ ಹೋದದ್ದು ಎಂದು ಮುರಿಯುತ್ತದೆಂದು ಹೇಳಲು ಯಾವ ಮೇಸ್ತ್ರಿಗೂ ಬರುವುದಿಲ್ಲ. ಇದು ಮನೆಮಂದಿಗೆಲ್ಲ ಹೊಳೆಯಪ್ಪ ಒಂದು ಸಲ ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ಅವನು ಹೇಳಿದ್ದು ಮುಂದೆ ಎತ್ತು ಕಟ್ಟು ಎಂದು.

ಸುತ್ತಿಗೆ ಹಿಡಿದು ಅವನು ಮತ್ತೆ ಗಾಡಿಯ ಕೆಳಗೆ ಸರಿದ. ಬಲಗಾಲಿಯ ತೋಳಿಗೆ ಮೆಲ್ಲಗೆ ಬಡಿದ. ಠಣ್ ಎಂದಿತು. ಎಡಗಾಲಿಯ ತೋಳಿಗೆ ಬಡಿದ. ಒಡೆದ ಮಡಕೆಗೆ ಬಡಿದಂತೆ ಮೊದ್ದ ಸದ್ದು. ಈಗಷ್ಟೇ ಇದೇ ತೋಳಿಗೆ ಎಷ್ಟೊಂದು ಸಲ ಬಡಿದಿದ್ದ. ಆಗಲೂ ಅದು ಹೀಗೇ ಅಂದಿರಬೇಕು, ಅವನ ಕಿವಿಯ ತುಂಬ ಅವನ ಸಿಟ್ಟೇ ಇತ್ತು, ಬೇರೇನು ಕೇಳೀತು? ಎಣ್ಣೆಮಣ್ಣು ಒರೆಸಿ, ಹೆಬ್ಬೆರಳ ಉಗುರನ್ನು ತೋಳಿನ ಬುಡದ ಮೇಲೆ ಎಳೆದ. ಉಗುರು ಸಿಕ್ಕಿಕೊಂಡಿತು. ಕೂದಲೆಳೆಯಂಥ ಬಿರುಕು ಬುಡದ ಅರ್ಧ ಸುತ್ತಿಗೆ ಹರಿದಿತ್ತು.

ಹೊಳೆಯಪ್ಪ ಅಲ್ಲೇ ಮಲಗಿದ್ದ. ಹೊಸ ಗುಂಡು ಹಾಕಿ, ಗಟ್ಟಿಯಾಯಿತೆಂದು ಬೀಗಿ, ಮಗಳನ್ನೂ ಕೂಸನ್ನೂ ಅವನು ತನ್ನ ಕೈಯಾರೆ ಕಾಡಿನ ದಾರಿಗೆ ಕಳಿಸುವವನಿದ್ದ. ದಿನ ತುಂಬಿದ ಬಸುರಿ ಆ ಗಾಡಿಯಿಂದ ಇಳಿದು ಈ ಅಂಗಳಕ್ಕೆ ಬಂದಿದ್ದಳು, ಐದು ತಿಂಗಳು ಅವನ ಪಕ್ಕದಲ್ಲಿ ಕೂತು ಉಂಡಿದ್ದಳು, ಆ ಬೊಡ್ಡೆಯ ಸುದ್ದಿ ಒಂದು ದಿನ ಬಾಯಿಗೆ ಬರಲಿಲ್ಲ. ಹೆದರಿಕೆ ಆಗಿರಲಿಲ್ಲವೆ? ಆಗಿತ್ತು, ಆ ಬೆರಳುಗಳೇ ಹೇಳುತ್ತಿದ್ದವು. ಆದರೆ ಅವನ ಬಾಯಿಯ ಹೆದರಿಕೆ ಸಾವಿನ ಹೆದರಿಕೆಗಿಂತ ದೊಡ್ಡದಾಗಿತ್ತು. ತನ್ನ ಮಗಳಿಗೆ! ಅವನ ಕಣ್ಣಲ್ಲಿ ನೀರು ಬಂತು. ಮಲಗಿದ್ದರಿಂದ ಅದು ಕಿವಿಗೆ ಇಳಿಯಿತು.

ಗಾಡಿಯ ಪಕ್ಕದಲ್ಲಿ ಕುಬೇರಪ್ಪನ ಕಾಲು ಕಂಡವು. ಆಮೇಲೆ ಅವನು ಮಂಡಿಯೂರಿ ಬಗ್ಗಿದ. "ಮಾವಾರ, ಏನಾತ್ರಿ? ಬೈರಿ ಬೇಕಾರ. ಹಿಂಗ ಸುಮ್ಮನಿರಬ್ಯಾಡ್ರಿ."

"ಒಳಗ ಬರ್ರಿ," ಎಂದ ಹೊಳೆಯಪ್ಪ.

ಕುಬೇರಪ್ಪ ರೇಷ್ಮೆ ರುಮಾಲು ತೆಗೆದಿಟ್ಟು ಅವನ ಪಕ್ಕಕ್ಕೆ ಸರಿದು ಮಲಗಿದ. ಹೊಳೆಯಪ್ಪ ಅವನ ಬೆರಳು ಹಿಡಿದು ಬಿರುಕಿನ ಮೇಲಿಟ್ಟು ನಿಧಾನಕ್ಕೆ ಎಳೆದ.

"ಹತ್ತಿತೇನ್ರಿ?"

"ಹತ್ತಿತ್ರಿ."

"ಅಂಗಳದಾಗಿನ ಗಾಡೀದ ತೋಳು ನಾಳಿ ಬಿಚ್ಚಿ ಹಾಕೂಣು. ಇಬ್ಬರೂ ಕೂಡೇ ಹಾಕೂಣು."

ಕುಬೇರಪ್ಪ ಬಿರುಕಿನ ಮೇಲೆ ಬೆರಳನ್ನು ಮತ್ತೆ ಮತ್ತೆ ಎಳೆಯುತ್ತಲೇ ಇದ್ದ. ಮೇಲೆ ಕೂಸು ಅಳುತ್ತಿತ್ತು, ರಾಹುಕಾಲ ಹತ್ತಿತೆಂದು ಸಂಗವ್ವ ಕೂಗುತ್ತಿದ್ದಳು. ಹೊಳೆಯಪ್ಪ ಅಳಿಯನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಬೈಯಲು ಒಂದು ಮಾತೂ ಬರಲಿಲ್ಲ, ಸಮಾಧಾನ ಹೇಳುವುದಂತೂ ಅವನಿಗೆ ಮೊದಲಿನಿಂದ ಗೊತ್ತೇ ಇರಲಿಲ್ಲ.